ಮೈಮೇಲಿನ ಗಂಧೆ, ಮನದೊಳಗಿನ ಸೂತಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



 

ಈ ತಿಂಗಳ ಗೋಷ್ಠಿಗೆ ಪೂಜ್ಯರು ಕೊಟ್ಟ ವಿಷಯ ‘ಕಾಯಿಲೆ ಮತ್ತು ಕರ್ಮ’. ನಾನು ಶಾಲಾ ಶಿಕ್ಷಕಿ. ವೈದ್ಯಶಾಸ್ತ್ರ ಓದಿದವಳಲ್ಲ. ಆದರೆ ಏಳು ವರ್ಷಗಳಿಂದ ಒಂದು ಕಾಯಿಲೆಯ ಜೊತೆ ಬಾಳುವೆ ಮಾಡುತ್ತಿದ್ದೇನೆ. ಅದನ್ನು ಮುಂದಿಟ್ಟುಕೊಂಡೇ ಮಾತನಾಡು ಎಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಹಾಗಾಗಿ ಈ ಹೊತ್ತು ಸ್ವಂತದ ಮಾತು ಸ್ವಲ್ಪ ಬರುತ್ತದೆ, ಸೈರಿಸಿಕೊಳ್ಳಬೇಕು.

ನನ್ನ ಕಾಯಿಲೆ ನಿಮಗೆಲ್ಲ ಗೊತ್ತಿರುವುದೇ. ಪಿತ್ತದ ಗಂಧೆ. ಆಯುರ್ವೇದದವರು ಶೀತಪಿತ್ತ ಎನ್ನುತ್ತಾರೆ. ಮೈಮೇಲೆ ಕೆಂಪಗೆ ದದ್ದು ಏಳುತ್ತದೆ, ಬೆಂಕಿ ಸೋಕಿದಂತೆ ಉರಿಯುತ್ತದೆ, ತುರಿಕೆಯಂತೂ ಹೇಳತೀರದು. ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡಪತ್ರೆಯ ರಸ ಹಚ್ಚುತ್ತಾರೆ, ಕರಿಕಂಬಳಿ ಹೊದಿಸುತ್ತಾರೆ. ಬಹಳ ಮಂದಿಗೆ ಎರಡು ಮೂರು ದಿನದಲ್ಲಿ ಹೋಗಿಬಿಡುತ್ತದೆ. ಕೆಲವರಿಗೆ ಹೋಗುವುದಿಲ್ಲ. ಆರು ವಾರ ದಾಟಿಯೂ ಗಂಧೆ ಏಳುತ್ತಲೇ ಇದ್ದರೆ ಅದನ್ನು ದೀರ್ಘಕಾಲದ ಗಂಧೆ ಎಂದು ವೈದ್ಯರು ಕರೆಯುತ್ತಾರೆ. ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು.

ಇದರ ನಡೆ ವಿಚಿತ್ರ. ಒಂದು ದದ್ದು ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಜಾಗದಲ್ಲಿ ಇರುವುದಿಲ್ಲ. ಬೆಳಿಗ್ಗೆ ತೊಡೆಯ ಮೇಲಿದ್ದದ್ದು ಮಧ್ಯಾಹ್ನಕ್ಕೆ ಮಾಯ, ಸಂಜೆಗೆ ಬೆನ್ನಿನ ಮೇಲೆ ಹೊಸದು. ಕಲೆಯನ್ನೂ ಉಳಿಸುವುದಿಲ್ಲ. ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ. ಕೆಲವೊಮ್ಮೆ ಚರ್ಮದ ಇನ್ನೂ ಆಳದಲ್ಲಿ ಬಾವು ಬಂದು ತುಟಿ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತವೆ. ಒಂದು ದಿನ ಹಾಗೇ ತರಗತಿಗೆ ಹೋದಾಗ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ, ಜೇನು ಕಡದಾವೇನ್ರಿ?” ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆ ಹುಡುಗನ ಪ್ರಶ್ನೆಯಲ್ಲಿ ಕುತೂಹಲವಿತ್ತು, ತೀರ್ಪು ಇರಲಿಲ್ಲ. ದೊಡ್ಡವರ ಪ್ರಶ್ನೆಗಳು ಹಾಗಿರಲಿಲ್ಲ.

“ಏನು ತಿಂದಿ?” ಅದು ಮೊದಲನೆಯ ಪ್ರಶ್ನೆ. ಬದನೆಕಾಯಿ ಬಿಡು, ಶೇಂಗಾ ಬಿಡು, ಮೊಸರು ಬಿಡು, ಹುಳಿ ಬಿಡು. ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲರ ಮಾತು ಕೇಳಿದ್ದರೆ ರೊಟ್ಟಿ ಮತ್ತು ನೀರು ಮಾತ್ರ ಉಳಿಯುತ್ತಿದ್ದವು. “ಯಾರಿಗೆ ಏನು ಮಾಡಿದಿ?” ಇದು ಎರಡನೆಯದು. ನಾಗದೋಷ, ದೃಷ್ಟಿ, ಹರಕೆ ತಪ್ಪಿದ್ದು, ಹಿಂದಿನ ಜನ್ಮದ ಪಾಪ. ಚರ್ಮದ ಕಾಯಿಲೆ ಎಂದರೆ ನಮ್ಮ ಕಡೆ ಮೊದಲು ಹಾವಿನ ನೆನಪಾಗುತ್ತದೆ. ಕಲ್ಲಿನ ಹಾವಿಗೆ ಭಕ್ತಿ, ಜೀವಂತ ಹಾವಿಗೆ ಬಡಿಗೆ ಎನ್ನುವ ನಮ್ಮ ಇಬ್ಬಗೆಯನ್ನು ಬಸವಣ್ಣನವರು ಬಯಲು ಮಾಡಿ ಎಂಟುನೂರು ವರ್ಷಗಳ ಮೇಲಾಯಿತು. ಆದರೂ ಲಿಂಗವಂತರ ಮನೆಯಲ್ಲೇ ಕುಳಿತು ಹಿರಿಯರೊಬ್ಬರು ನನಗೆ ಸರ್ಪಶಾಂತಿಯ ಖರ್ಚಿನ ಪಟ್ಟಿ ಬರೆದುಕೊಟ್ಟರು.

ಮೂರನೆಯ ಮಾತು ಎಲ್ಲಕ್ಕಿಂತ ಆಳಕ್ಕಿಳಿಯಿತು. ನನ್ನ ಗಂಧೆಯಲ್ಲಿ ಇನ್ನೊಂದು ಬಗೆ ಸೇರಿಕೊಂಡಿದೆ. ಉಗುರಿನಿಂದ ಗೀರಿದರೆ ಗೀರಿದ ಗೆರೆಯೇ ಉಬ್ಬಿ ನಿಲ್ಲುತ್ತದೆ. ಒತ್ತಡ ಬಿದ್ದ ಕಡೆ ಕೆಲವು ತಾಸಿನ ಮೇಲೆ ಬಾವು ಬರುತ್ತದೆ. ಲಂಗದ ಲಾಡಿ ಬಿಗಿದ ಕಡೆ, ಬಳೆ ಒತ್ತಿದ ಕಡೆ, ಕೈಚೀಲದ ಪಟ್ಟಿ ಕೂತ ಹೆಗಲ ಮೇಲೆ. ಹಾಗೆಯೇ ಕೊರಳಿನಲ್ಲಿ ಶಿವದಾರ ಉಜ್ಜಿದ ಕಡೆ, ಎದೆಯ ಮೇಲೆ ಬೆಳ್ಳಿಯ ಕರಡಿಗೆ ಒತ್ತಿದ ಕಡೆ. ಶಿವದಾರ ಹೋದ ದಾರಿಯುದ್ದಕ್ಕೂ ಕೆಂಪು ಗೆರೆ, ಅದರ ತುದಿಗೆ ಕರಡಿಗೆಯ ಆಕಾರದ್ದೇ ಒಂದು ದದ್ದು. ಅದನ್ನು ನೋಡಿ ನಮ್ಮ ದೊಡ್ಡವ್ವ ಗಾಬರಿಯಾದರು. “ಲಿಂಗಕ್ಕ ಏನರ ಅಪಚಾರ ಆಗೇತೇನು ನೋಡ ತಂಗಿ. ಮೈಮ್ಯಾಲೆ ನಿಲ್ಲಾಕ ಅದಕ್ಕ ಮನಸಿಲ್ಲ. ಸ್ವಲ್ಪ ದಿನ ತಗದು ಜಗಲಿ ಮ್ಯಾಲಿಡು” ಎಂದರು.

ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಶರಣ ಬಂಧುಗಳೇ, ಲಿಂಗದೀಕ್ಷೆ ಆದ ದಿನದಿಂದ ಅಂಗದಿಂದ ಅಗಲಿಸದ ಲಿಂಗವೇ ನನ್ನನ್ನು ಒಲ್ಲೆ ಎನ್ನುತ್ತಿದೆ ಎಂದು ಕೇಳಿದರೆ ಒಬ್ಬ ಭಕ್ತೆಗೆ ಏನಾಗಬಹುದು, ನೀವೇ ಊಹಿಸಿ. ತುರಿಕೆಗೆ ಗುಳಿಗೆ ಉಂಟು. ಈ ಮಾತಿಗೆ ಯಾವ ಗುಳಿಗೆ?

ಈ ಕಾಯಿಲೆಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಚರ್ಮದೊಳಗೆ ಮಾಸ್ಟ್ ಕೋಶಗಳು ಎಂಬ ಕಾವಲುಗಾರರಿದ್ದಾರೆ. ಅವರ ಚೀಲದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಇರುತ್ತದೆ. ಕಾವಲುಗಾರರು ಎಚ್ಚೆತ್ತು ಚೀಲ ಬಿಚ್ಚಿದರೆ ಸಣ್ಣ ರಕ್ತನಾಳಗಳು ಹಿಗ್ಗಿ ನೀರು ಜಿನುಗುತ್ತದೆ, ಅದೇ ದದ್ದು. ಅದರ ನರಗಳ ಮೇಲಿನ ಪ್ರಭಾವವೇ ತುರಿಕೆ. ದಿಢೀರ್ ಬಂದು ಹೋಗುವ ಗಂಧೆಗೆ ಹಲವು ಸಲ ಹೊರಗಿನ ಕಾರಣ ಸಿಗುತ್ತದೆ. ಒಂದು ಔಷಧಿ, ಒಂದು ಸೋಂಕು, ಒಂದು ಆಹಾರ. ಆದರೆ ವರ್ಷಗಟ್ಟಲೆ ಉಳಿಯುವ ಗಂಧೆಯಲ್ಲಿ ಆಹಾರ ಕಾರಣವಾಗುವುದು ಅಪರೂಪ. ಅನೇಕರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತಾನೇ ತಯಾರಿಸಿದ ಪ್ರತಿಕಾಯಗಳು ಈ ಕಾವಲುಗಾರರನ್ನು ಸುಮ್ಮಸುಮ್ಮನೆ ತಟ್ಟಿ ಎಬ್ಬಿಸುತ್ತವೆ. ಇಂಥವರಲ್ಲಿ ಕೆಲವರಿಗೆ ಥೈರಾಯ್ಡ್ ತೊಂದರೆಯೂ ಜೊತೆಗಿರುತ್ತದೆ. ಹೊರಗಿನ ಪ್ರಚೋದನೆ ಇಲ್ಲದೆ ತಾನಾಗಿ ಏಳುವುದರಿಂದ ವೈದ್ಯರು ಇದನ್ನು ‘ಕ್ರಾನಿಕ್ ಸ್ಪಾಂಟೇನಿಯಸ್ ಅರ್ಟಿಕೇರಿಯಾ’ ಎನ್ನುತ್ತಾರೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಈ ಮಾತನ್ನು ದಯವಿಟ್ಟು ಮನೆಗೆ ಒಯ್ಯಿರಿ.

ಚಿಕಿತ್ಸೆಗೂ ಮೆಟ್ಟಿಲುಗಳಿವೆ. ಮೊದಲು ನಿದ್ದೆ ಹೆಚ್ಚು ಬರಿಸದ ಹೊಸ ಪೀಳಿಗೆಯ ಆಂಟಿಹಿಸ್ಟಮಿನ್ ಗುಳಿಗೆ. ಲಿವೊಸೆಟಿರಿಝಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇಂಥವು. ಗಂಧೆ ಎದ್ದಾಗ ಮಾತ್ರ ಅಲ್ಲ, ದಿನಾಲೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ವೈದ್ಯರ ನಿಗಾದಲ್ಲಿ ನಾಲ್ಕು ಪಟ್ಟಿನವರೆಗೂ ಪ್ರಮಾಣ ಏರಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಒಮಾಲಿಝುಮ್ಯಾಬ್ ಎಂಬ ಚುಚ್ಚುಮದ್ದು, ನಾಲ್ಕು ವಾರಕ್ಕೊಮ್ಮೆ. 2014ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಇದಕ್ಕೆ ಈ ಕಾಯಿಲೆಗೆಂದು ಒಪ್ಪಿಗೆ ಸಿಕ್ಕಿತು. ಅದರ ಮುಂದೆ ಸೈಕ್ಲೋಸ್ಪೊರಿನ್ ಇದೆ. ಅದಕ್ಕೆ ರಕ್ತದೊತ್ತಡ, ಮೂತ್ರಪಿಂಡಗಳನ್ನು ನೋಡಿಕೊಳ್ಳುತ್ತಿರಬೇಕು.

ನನ್ನ ಗಂಧೆ ಮೊದಲ ಮೆಟ್ಟಿಲಿಗೆ ಬಗ್ಗಲಿಲ್ಲ, ಎರಡನೆಯದಕ್ಕೂ ಬಗ್ಗಲಿಲ್ಲ. ನಡುವೆ ಒಂದು ಕಡೆ ಬರೆದುಕೊಟ್ಟ ಸ್ಟೀರಾಯ್ಡ್ ಗುಳಿಗೆ ಹತ್ತು ದಿನ ಸ್ವರ್ಗ ತೋರಿಸಿತು. ನಿಲ್ಲಿಸಿದ ನಾಲ್ಕನೆಯ ದಿನ ಗಂಧೆ ಎರಡರಷ್ಟಾಗಿ ತಿರುಗಿ ಬಂತು. ತೀವ್ರವಾದಾಗ ಕೆಲವೇ ದಿನ ಸ್ಟೀರಾಯ್ಡ್ ಕೊಡುವುದುಂಟು. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎಲುಬಿನ ಸವೆತ ಬಾಗಿಲಿಗೆ ಬರುತ್ತವೆ. ಕೊನೆಗೆ ಚುಚ್ಚುಮದ್ದು ಶುರುವಾಯಿತು. ವೈದ್ಯರು ಒಂದು ಲೆಕ್ಕದ ಪುಸ್ತಕ ಇಡಲು ಹೇಳಿದ್ದರು. ದಿನಕ್ಕೆ ದದ್ದಿಗೆ 0ಯಿಂದ 3, ತುರಿಕೆಗೆ 0ಯಿಂದ 3. ವಾರಕ್ಕೆ ಹೆಚ್ಚೆಂದರೆ 42. ನನ್ನ ಅಂಕ 35ರಿಂದ 14ಕ್ಕೆ ಇಳಿದಿದೆ. ಸೊನ್ನೆ ಆಗಿಲ್ಲ. ಆಗುತ್ತದೆಯೋ ಇಲ್ಲವೋ ಎಂದು ಈಗ ದಿನಾ ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಈ ಕಾಯಿಲೆಯ ಇನ್ನೊಂದು ಗುಣವನ್ನು ನೀವು ತಿಳಿಯಬೇಕು. ಅನೇಕರಲ್ಲಿ ಇದು ಒಂದರಿಂದ ಐದು ವರ್ಷದೊಳಗೆ ತಾನಾಗಿ ಶಾಂತವಾಗುತ್ತದೆ. ಕೆಲವರಲ್ಲಿ ಇನ್ನೂ ಮುಂದುವರಿಯುತ್ತದೆ. ಈಗ ಯೋಚಿಸಿ. ಸಂಜೆ ಎದ್ದ ದದ್ದು ಹೇಗಿದ್ದರೂ ಬೆಳಗಾಗುವುದರೊಳಗೆ ಹೋಗುವಂಥದ್ದು. ರಾತ್ರಿ ಯಾರೋ ತಾಯತ ಕಟ್ಟಿದರೆ ಕೀರ್ತಿ ತಾಯತಕ್ಕೆ. ಮೂರು ವರ್ಷಕ್ಕೆ ತಾನಾಗಿ ಹೋಗಬೇಕಿದ್ದ ಕಾಯಿಲೆ ಹೋಗುವ ತಿಂಗಳಲ್ಲೇ ಯಾವುದೋ ಕ್ಷೇತ್ರಕ್ಕೆ ಹೋಗಿ ಬಂದಿದ್ದರೆ ಕೀರ್ತಿ ಆ ಕ್ಷೇತ್ರಕ್ಕೆ. ಬದನೆಕಾಯಿ ಬಿಟ್ಟವರು ಬದನೆಕಾಯಿಯನ್ನು ದೂಷಿಸುತ್ತಾರೆ. ಹೀಗೆ ತಾನೇ ಬಂದು ತಾನೇ ಹೋಗುವ ಕಾಯಿಲೆಗಳ ಸುತ್ತ ಪವಾಡಗಳು ಸುಲಭವಾಗಿ ಬೆಳೆಯುತ್ತವೆ. ಪವಾಡ ಬೆಳೆದರೆ ಅದರ ನೆರಳಿನಲ್ಲಿ ಅಪರಾಧವೂ ಬೆಳೆಯುತ್ತದೆ. ಏಕೆಂದರೆ ಹರಕೆ ಹೊತ್ತೂ ಗುಣವಾಗದವಳ ಭಕ್ತಿಯಲ್ಲೇ ಕೊರತೆ ಇದೆ ಎಂದು ಜನ ಹೇಳತೊಡಗುತ್ತಾರೆ.

ಕಾರಣ ಕಾಣದ ಕಾಯಿಲೆಗೆ ಅಪರಾಧಿಯನ್ನು ಹುಡುಕುವುದು ಮನುಷ್ಯರ ಹಳೆಯ ಚಾಳಿ. ಕಾರಣ ಸಿಗದಿದ್ದರೆ ನಮಗೆ ಭಯ. ಅಪರಾಧಿ ಸಿಕ್ಕರೆ ಸಮಾಧಾನ. ಹೆಚ್ಚಾಗಿ ಸಿಗುವ ಅಪರಾಧಿ ರೋಗಿಯೇ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಈ ಚಾಳಿ ಶರಣ ಧರ್ಮಕ್ಕೆ ಒಗ್ಗುವಂಥದ್ದಲ್ಲ.

ಹೇಗೆ ಎನ್ನುತ್ತೀರಾ? ಹುಟ್ಟಿನ ಮೇಲೆ ಮೇಲು ಕೀಳು ಎಣಿಸುವುದನ್ನು ಶರಣರು ತಳ್ಳಿದರು. ಹಿಂದಿನ ಜನ್ಮದ ಪಾಪದಿಂದ ಕೀಳು ಕುಲದಲ್ಲಿ ಹುಟ್ಟಿದ ಎಂಬ ಲೆಕ್ಕವನ್ನು ಕಲ್ಯಾಣದಲ್ಲಿ ಅಳಿಸಿ ಹಾಕಿದರು. ಒಬ್ಬನ ಜಾತಿಗೆ ಹಿಂದಿನ ಜನ್ಮವನ್ನು ಸಾಕ್ಷಿ ಕರೆಯುವುದು ತಪ್ಪಾದರೆ, ಒಬ್ಬಳ ಕಾಯಿಲೆಗೆ ಅದೇ ಸಾಕ್ಷಿಯನ್ನು ಕರೆಯುವುದು ಹೇಗೆ ಸರಿಯಾಗುತ್ತದೆ? ಲೆಕ್ಕದ ಪುಸ್ತಕ ಒಂದೇ ಅಲ್ಲವೇ? ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಕಿತ್ತೊಗೆದ ಪರಂಪರೆ ನಮ್ಮದು. ಕಾಯಿಲೆಯ ಸೂತಕ ಎಂದು ಆರನೆಯದೊಂದನ್ನು ನಾವು ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಳ್ಳಬಾರದು.

ಇನ್ನೊಂದು ಮಾತು. ಅನುಭವ ಮಂಟಪದ ಶರಣರಲ್ಲಿ ವೈದ್ಯ ಸಂಗಣ್ಣನವರಿದ್ದರು. ನುಲಿಯ ಚಂದಯ್ಯನವರಿಗೆ ಹಗ್ಗದ ಕಾಯಕವಿದ್ದಂತೆ, ಮಡಿವಾಳ ಮಾಚಯ್ಯನವರಿಗೆ ಬಟ್ಟೆ ಮಡಿ ಮಾಡುವ ಕಾಯಕವಿದ್ದಂತೆ ಇವರದು ವೈದ್ಯ ಕಾಯಕ. ತಮ್ಮ ವೃತ್ತಿಯ ಮಾತುಗಳಲ್ಲೇ ವಚನ ಬರೆದರು. ಕಾಯಿಲೆ ಎಂದರೆ ಅನುಭವಿಸಿಯೇ ತೀರಬೇಕಾದ ಕರ್ಮ ಎಂದು ಶರಣರು ನಂಬಿದ್ದರೆ ವೈದ್ಯನ ಕೆಲಸ ಶಿವನ ತೀರ್ಪಿಗೆ ಅಡ್ಡ ಬರುವ ಕೆಲಸ ಎನಿಸಿಕೊಳ್ಳುತ್ತಿತ್ತು, ಕಾಯಕ ಎನಿಸಿಕೊಳ್ಳುತ್ತಿರಲಿಲ್ಲ. ಅವರನ್ನು ಶರಣರೆಂದು ಒಪ್ಪಿದ್ದೇ ನಮಗೆ ಉತ್ತರ.

ನಮ್ಮ ಕಾಲಕ್ಕೆ ಬಂದರೆ ಫ.ಗು. ಹಳಕಟ್ಟಿಯವರನ್ನು ನೋಡಿ. ಮನೆ ಮನೆ ತಿರುಗಿ ತಾಳೆಗರಿಯ ವಚನಗಳನ್ನು ಸಂಗ್ರಹಿಸಿದ ಅದೇ ಮಹನೀಯರು 1910ರಲ್ಲಿ ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಗೆ ಬುನಾದಿ ಹಾಕಿದರು. ಇಂದು ಆ ಸಂಸ್ಥೆ ವೈದ್ಯಕೀಯ ಕಾಲೇಜು ನಡೆಸುತ್ತಿದೆ. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆಎಲ್‌ಇ ಸಂಸ್ಥೆಯೂ ಹಾಗೆಯೇ. ವಚನ ಓದುವ ಕಣ್ಣು, ರೋಗ ಪರೀಕ್ಷಿಸುವ ಕಣ್ಣು ಎರಡೂ ನಮ್ಮ ಸಮಾಜದ್ದೇ. ಅಷ್ಟು ದೊಡ್ಡ ಆಸ್ಪತ್ರೆಗಳನ್ನು ಕಟ್ಟಿದ ಸಮಾಜ ಮನೆಯ ಹೆಣ್ಣುಮಗಳಿಗೆ ಗಂಧೆ ಎದ್ದಾಗ ನಾಗರಕಟ್ಟೆಗೆ ದಾರಿ ತೋರಿಸಿದರೆ ಹೇಗೆ?

ಶಿವದಾರದ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ನಮ್ಮ ಅಕ್ಕನ ಬಳಗದ ಹಿರಿಯ ತಾಯಿಯೊಬ್ಬರ ಮುಂದೆ ದೊಡ್ಡವ್ವನ ಮಾತು ಹೇಳಿದೆ. ಅವರು ಶಾಲೆಯ ಮುಖ ನೋಡಿದವರಲ್ಲ. ನನ್ನ ಕೊರಳು ನೋಡಿ, “ದಾರ ಚುಚ್ಚಿದ್ರ ದಾರ ಬದಲಿಸವ್ವ. ಲಿಂಗಯ್ಯನ ಮ್ಯಾಲ್ಯಾಕ ಹೊರಸ್ತೀರಿ?” ಎಂದರು. ಮರುವಾರ ತಮ್ಮ ಕೈಯಾರೆ ಮೆತ್ತನೆಯ ಹತ್ತಿ ನೂಲಿನ ಅಗಲವಾದ ಶಿವದಾರ ಹೊಸೆದು ತಂದರು. ಹಗುರಾದ ಕರಡಿಗೆ ಹಾಕಿಸಿ ಕುಪ್ಪಸದ ಮೇಲೆ ಬರುವಂತೆ ಕಟ್ಟಿಕೊಂಡೆ. ಎದೆಯೊಂದೇ ಅಲ್ಲ, ಕಂಠ, ಕಕ್ಷೆ, ಕರಸ್ಥಲ, ಉತ್ತಮಾಂಗ ಹೀಗೆ ಲಿಂಗಕ್ಕೆ ಹಲವು ಸ್ಥಾನಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಒಡಲನ್ನೇ ಗುಡಿಯೆಂದು ಕಂಡ ಧರ್ಮ ಇದು. ಗುಡಿಯ ಗೋಡೆಗೆ ನೋವಾದರೆ ಗುಡಿಯ ದೇವರು ಮುನಿಯುತ್ತಾನೆಯೇ?

ಲಿಂಗಪೂಜೆಯಿಂದ ಗಂಧೆ ಹೋಯಿತು ಎಂದು ನಾನು ಹೇಳುವುದಿಲ್ಲ. ಹೋಗಿಲ್ಲ. ಆದರೆ ಪೂಜೆಯಲ್ಲಿ ಒಂದನ್ನು ಕಂಡುಕೊಂಡೆ. ಎಡಗೈಯಲ್ಲಿ ಲಿಂಗ ಹಿಡಿದು ಎವೆಯಿಕ್ಕದೆ ನೋಡುತ್ತ ಕುಳಿತಾಗಲೂ ತುರಿಕೆ ಬರುತ್ತದೆ. ಕೈ ಬಿಡುವಂತಿಲ್ಲ. ಆಗ ಗೊತ್ತಾಯಿತು, ತುರಿಕೆಗೂ ಒಂದು ಏರು ಇದೆ, ಒಂದು ಇಳಿತ ಇದೆ. ಕೆರೆದರೆ ಚರ್ಮದ ಮೇಲೆ ಹೊಸ ಗೆರೆ ಏಳುತ್ತದೆ, ಮತ್ತೆ ತುರಿಕೆ. ಕೆರೆಯದೆ ನೋಡುತ್ತ ಕುಳಿತರೆ ಏರಿದ್ದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ದಿನಾಲೂ ಆಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಒದ್ದೆ ಬಟ್ಟೆ ಸುತ್ತಿಕೊಂಡು ಅತ್ತ ದಿನಗಳೂ ಇವೆ. ಆದರೂ ಪೂಜೆಯ ಆ ಇಪ್ಪತ್ತು ನಿಮಿಷ ನಾನು ಗಂಧೆಯ ಆಳಾಗಿರುವುದಿಲ್ಲ.

ಕೊನೆಗೆ ಪ್ರಸಾದದ ಮಾತು. ಎಲ್ಲರೂ “ಏನು ತಿಂದಿ” ಎಂದು ಕೇಳಿ ಕೇಳಿ ಒಂದು ಹಂತದಲ್ಲಿ ತಾಟಿನಲ್ಲಿದ್ದ ಪ್ರಸಾದವನ್ನೇ ಅನುಮಾನದಿಂದ ನೋಡುವಂತಾಗಿತ್ತು. ಅದಕ್ಕಿಂತ ಕಷ್ಟದ್ದು ಪಂಕ್ತಿ. ಪಕ್ಕದಲ್ಲಿ ಕುಳಿತವರು ಸೆರಗು ಎಳೆದುಕೊಂಡು ಅತ್ತ ಸರಿದರೆ ಅದು ಕಣ್ಣಿಗೆ ಬೀಳುತ್ತದೆ, ಬಂಧುಗಳೇ. ನಾನು ದೊಡ್ಡವಳು, ತಡೆದುಕೊಂಡೆ. ಎಂಟನೆಯ ತರಗತಿಯ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಇದೇ ಕಾಯಿಲೆ. ಅವಳಿದ್ದ ವಿದ್ಯಾರ್ಥಿ ನಿಲಯದಲ್ಲಿ ಅವಳ ತಾಟು, ಚರಿಗೆ, ಹಾಸಿಗೆ ಎಲ್ಲ ಬೇರೆ ಮಾಡಿದ್ದರು. ಊಟಕ್ಕೆ ಬಾಗಿಲ ಹತ್ತಿರ ಒಬ್ಬಳೇ. ಅವಳು ನನ್ನ ಹತ್ತಿರ ಬಂದು ಕೇಳಿದ್ದು, “ಟೀಚರ, ನಿಮ್ಮನ್ನೂ ಮನ್ಯಾಗ ಬ್ಯಾರೆ ಕೂಡ್ರಸ್ತಾರೇನ್ರಿ?” ಎಂದು. ಮರುದಿನ ಚರ್ಮವೈದ್ಯರ ಚೀಟಿ ಹಿಡಿದುಕೊಂಡು ಹೋಗಿ ಅಲ್ಲಿಯವರಿಗೆ ತಿಳಿಹೇಳಿದೆ. ಅವಳ ತಾಟಿನ ಪಕ್ಕ ನನ್ನ ತಾಟು ಇಟ್ಟುಕೊಂಡು ಅವಳ ಜೊತೆ ಉಂಡೆ. ಮೊದಲು ಇಬ್ಬರು ಹುಡುಗಿಯರು ಬಂದು ಕುಳಿತರು, ಆಮೇಲೆ ಉಳಿದವರು. ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಶರಣರು ತಮ್ಮ ಪ್ರಾಣವನ್ನೇ ಪಣಕ್ಕಿಟ್ಟರು. ನಾವು ಒಂದು ಮಗುವನ್ನು ಬಾಗಿಲ ಹತ್ತಿರ ಕೂರಿಸಿದರೆ ಅವರ ಹೆಸರು ಹೇಳುವ ಹಕ್ಕು ನಮಗೆಲ್ಲಿ ಉಳಿಯಿತು?

ಪೂಜ್ಯರ ಅಪ್ಪಣೆ ಪಡೆದು ನಾಲ್ಕು ಬಿನ್ನಹ ಮಾಡಿ ಮುಗಿಸುತ್ತೇನೆ.

ಒಂದು, ಬಹುದಿನದ ಕಾಯಿಲೆಯವರು ಸಿಕ್ಕರೆ “ಯಾಕೆ ಬಂತು” ಎಂದು ಕೇಳುವ ಬದಲು “ರಾತ್ರಿ ನಿದ್ದೆ ಬಂತೇ” ಎಂದು ಕೇಳಿ. ಮೊದಲನೆಯದಕ್ಕೆ ಅವರಲ್ಲಿ ಉತ್ತರವಿಲ್ಲ. ಎರಡನೆಯದರಿಂದ ಅವರ ಅರ್ಧ ಭಾರ ಇಳಿಯುತ್ತದೆ.

ಎರಡು, ವ್ರತ, ನೇಮ, ಪಥ್ಯ ಏನೇ ಇರಲಿ, ವೈದ್ಯರು ಬರೆದ ಔಷಧಿಯನ್ನು ಯಾರಿಗೂ ಬಿಡಿಸಬೇಡಿ. ಮೈಕೈ ನೋವಿಗೆ ನುಂಗುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ, ವೈದ್ಯರನ್ನು ಕೇಳಿಯೇ ನುಂಗಲಿ. ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದಂತಾದರೆ, ತಲೆ ಸುತ್ತಿ ಬಿದ್ದರೆ, ದೊಡ್ಡಪತ್ರೆ ಹುಡುಕುತ್ತ ಕೂರಬೇಡಿ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಮೂರು, ಮಠದ ಪ್ರಸಾದ ನಿಲಯಗಳಲ್ಲಿ ಚರ್ಮದ ತೊಂದರೆ ಇರುವ ಮಗುವನ್ನು ಬೇರೆ ಕೂರಿಸುವ ಮೊದಲು ವೈದ್ಯರಿಗೆ ತೋರಿಸುವ ನಿಯಮ ಮಾಡೋಣ. ಅಂಟುವ ಕಾಯಿಲೆಯಾದರೆ ಅವರೇ ಹೇಳುತ್ತಾರೆ. ನಮ್ಮ ಕಣ್ಣಳತೆಯ ಮೇಲೆ ಪಂಕ್ತಿ ಒಡೆಯುವುದು ಬೇಡ.

ನಾಲ್ಕು, ನಾನು ತೆಗೆದುಕೊಳ್ಳುವ ಚುಚ್ಚುಮದ್ದಿನ ಬೆಲೆ ಕೂಲಿ ಮಾಡುವ ಕುಟುಂಬದ ಕೈಗೆ ನಿಲುಕುವಂಥದ್ದಲ್ಲ. ಸಂಬಳ ಬರುವ ನನಗೇ ಅದು ಭಾರ. ಅನ್ನದಾಸೋಹ ನಡೆಯುತ್ತಿದೆ, ಜ್ಞಾನದಾಸೋಹ ನಡೆಯುತ್ತಿದೆ. ದಾಸೋಹ ನಿಧಿಯಲ್ಲಿ ಔಷಧಿಗೆಂದು ಒಂದು ಸಣ್ಣ ಭಾಗ ತೆಗೆದಿಡಬಹುದೇ ಎಂದು ಪೂಜ್ಯರಲ್ಲಿ ಸೆರಗೊಡ್ಡಿ ಕೇಳುತ್ತೇನೆ. ಸರ್ಪಶಾಂತಿಗೆಂದು ನನಗೆ ಬರೆದುಕೊಟ್ಟಿದ್ದ ಪಟ್ಟಿಯ ಮೊತ್ತವನ್ನು ಮೊದಲ ಕಾಣಿಕೆಯಾಗಿ ಇಂದು ಇಲ್ಲಿ ಒಪ್ಪಿಸುತ್ತಿದ್ದೇನೆ.